ಹಳೆಯ ಬೋನ್ಸಾಯ್‌ಗಳ ಕುಂಡ ಬದಲಿಸುವುದನ್ನು ನಾನು ಕಲಿತ ಬಗೆ

ಬಹಳ ವರ್ಷ ನಾನು ನನ್ನ ಬೋನ್ಸಾಯ್ ಮರಗಳ ಕುಂಡವನ್ನು ಕ್ಯಾಲೆಂಡರ್ ನೋಡಿಯೇ ಬದಲಿಸುತ್ತಿದ್ದೆ. ಎರಡು ವರ್ಷ ತುಂಬಿತೆಂದರೆ ಮರವನ್ನು ಮೇಲೆತ್ತಿ, ಬೇರು ಸವರಿ, ಹೊಸ ಮಣ್ಣಿಗೆ ಇಳಿಸುವ ಕೆಲಸ ವ್ರತದಂತೆ ನಡೆಯುತ್ತಿತ್ತು. ಎಳೆಯ ಮರಗಳಿಗೆ ಈ ಕ್ರಮ ಒಗ್ಗುತ್ತದೆ. ಅವು ಕುಂಡವನ್ನು ಬೇಗನೆ ಬೇರಿನಿಂದ ತುಂಬಿಸುತ್ತವೆ, ಕಳೆದುಕೊಂಡದ್ದನ್ನು ಅಷ್ಟೇ ಬೇಗ ಬೆಳೆಸಿಕೊಳ್ಳುತ್ತವೆ. ಕಾಂಡ ದಪ್ಪಗಾಗಿ, ತೊಗಟೆ ಬಿರುಕುಬಿಟ್ಟು, ರೆಂಬೆಗಳ ವಿನ್ಯಾಸ ನೆಲೆನಿಂತ ಮರಕ್ಕೂ ಅದೇ ಲೆಕ್ಕ ಅನ್ವಯಿಸಹೋಗಿ ನಾನು ಸದಾ ಹಸಿರಾಗಿರುವ ಜಾತಿಯ ಒಂದು ಜುನಿಪರ್ ಮರವನ್ನು ಕಳೆದುಕೊಂಡೆ.

ಆ ಜುನಿಪರ್‌ನ ಹಳೆಯ ಮಣ್ಣನ್ನೆಲ್ಲ ಪೈಪಿನ ನೀರಿನಿಂದ ತೊಳೆದು, ಬೇರನ್ನು ಪೂರ್ತಿ ಬೋಳುಮಾಡಿ ನೆಟ್ಟಿದ್ದೆ. ಕೆಲವು ವಾರ ಅದು ಹಸಿರಾಗಿಯೇ ಇತ್ತು, ನಾನೂ ನಿಶ್ಚಿಂತೆಯಿಂದಿದ್ದೆ. ಬೇರು ಸತ್ತ ಮೇಲೂ ಜುನಿಪರ್ ಎಲೆಗಳು ವಾರಗಟ್ಟಲೆ ಬಣ್ಣ ಬಿಡುವುದಿಲ್ಲವೆಂಬುದು ಆಗ ನನಗೆ ತಿಳಿದಿರಲಿಲ್ಲ. ಹೊಳಪು ಮಾಸಿ, ಬೆರಳು ಸೋಕಿದರೆ ಎಲೆಗಳು ಒಣಗಿದ ಹುಲ್ಲಿನಂತೆ ಸದ್ದು ಮಾಡತೊಡಗಿದಾಗ ಮಾಡುವಂಥದ್ದೇನೂ ಉಳಿದಿರಲಿಲ್ಲ.

ಅಂದಿನಿಂದ ನಾನು ನೋಡುವುದು ನೀರನ್ನು. ಹಾಕಿದ ನೀರು ಮೇಲೆಯೇ ನಿಂತು ನಿಧಾನವಾಗಿ ಇಂಗುತ್ತಿದ್ದರೆ, ಬೇರುಮುದ್ದೆ ಕುಂಡದ ಅಂಚಿಗಿಂತ ಮೇಲೆದ್ದಿದ್ದರೆ, ಕುಂಡ ಬದಲಿಸುವ ಸಮಯ ಹತ್ತಿರ ಬಂದಿದೆ ಎಂದರ್ಥ. ಆದರೂ ಒಮ್ಮೆಗೇ ಕತ್ತರಿ ಹಿಡಿಯುವುದಿಲ್ಲ. ಎಷ್ಟೋ ಸಲ ಮೇಲಿನ ಒಂದು ಸೆಂಟಿಮೀಟರ್ ಪದರ ಮಾತ್ರ ಪಾಚಿ ಮತ್ತು ಗೊಬ್ಬರದ ಪುಡಿಯಿಂದ ಗಟ್ಟಿಯಾಗಿರುತ್ತದೆ. ಅದನ್ನು ಕೆರೆದು ತೆಗೆದು, ಬಿದಿರ ಕಡ್ಡಿಯನ್ನು ನಾಲ್ಕಾರು ಕಡೆ ಚುಚ್ಚಿ ನೋಡುತ್ತೇನೆ. ಕಡ್ಡಿ ಸುಲಭವಾಗಿ ಇಳಿದರೆ ಹೊಸ ಮಣ್ಣನ್ನು ಮೇಲೆ ಹರಡಿ ಇನ್ನೊಂದು ವರ್ಷ ಬಿಡುತ್ತೇನೆ. ಹೀಗೆ ನೋಡತೊಡಗಿದ ಮೇಲೆ ನನ್ನ ಹಳೆಯ ಮರಗಳಿಗೆ ನಾಲ್ಕೈದು ವರ್ಷಕ್ಕೊಮ್ಮೆ, ಜುನಿಪರ್‌ಗಳಿಗೆ ಅದಕ್ಕೂ ತಡವಾಗಿ ಸರದಿ ಬರುತ್ತಿದೆ.

ಕಾಲವನ್ನು ಮರವೇ ಹೇಳುತ್ತದೆ. ಎಲೆ ಉದುರಿಸುವ ಮರಗಳಲ್ಲಿ ಮೊಗ್ಗು ಉಬ್ಬಿ, ಇನ್ನೂ ಬಿರಿಯದಿರುವ ಕೆಲವೇ ದಿನಗಳು ಸೂಕ್ತ. ಆಲ, ಅರಳಿಗಳ ಬಳಗವಾದ ಫೈಕಸ್ ಜಾತಿಯವು ಬೆಚ್ಚನೆಯ ಕಾಲದಲ್ಲಿ, ಚಿಗುರು ಬಿಡುವ ಹುರುಪಿನಲ್ಲಿರುವಾಗ ಬೇರಿನ ಗಾಯವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ.

ಕಳೆದ ಸಲ ನನ್ನ ದೊಡ್ಡ ಫೈಕಸ್ಸಿನ ಕುಂಡ ಬದಲಿಸಿದಾಗ, ಹಿಂದಿನ ದಿನ ನೀರು ಹಾಕದೆ ಮಣ್ಣನ್ನು ತುಸು ಒಣಗಲು ಬಿಟ್ಟಿದ್ದೆ. ಹಸಿ ಮಣ್ಣು ಬೇರಿಗೆ ಮೆತ್ತಿಕೊಂಡು, ಬಿಡಿಸುವಾಗ ಎಳೆಬೇರುಗಳನ್ನೂ ಕಿತ್ತುಕೊಂಡು ಬರುತ್ತದೆ. ಮರವನ್ನು ಕುಂಡಕ್ಕೆ ಬಿಗಿದಿದ್ದ ತಳದ ತಂತಿಗಳನ್ನು ಕತ್ತರಿಸಿ, ಅಂಚಿನ ಸುತ್ತ ತೆಳು ಗರಗಸ ಆಡಿಸಿ ಮರವನ್ನು ಮೇಲೆತ್ತಿದೆ. ಬೇರುಗಳು ಕುಂಡದ ಆಕಾರದಲ್ಲೇ ಚಾಪೆಯಂತೆ ಹೆಣೆದುಕೊಂಡಿದ್ದವು. ಕೊಕ್ಕೆಯಿಂದ ಹೊರ ಅಂಚಿನಲ್ಲಿ ಶುರುಮಾಡಿ, ಕಾಂಡದಿಂದ ಹೊರಮುಖವಾಗಿ ಬಾಚುತ್ತ ಬಿಡಿಸಿದೆ. ಜಡೆ ಬಿಡಿಸುವಾಗಿನ ತಾಳ್ಮೆಯೇ ಇಲ್ಲಿಯೂ ಬೇಕು. ಅಡಿಯಲ್ಲಿ ಹೆಬ್ಬೆರಳ ಗಾತ್ರದ ಒಂದು ಬೇರು ನೇರ ಕೆಳಕ್ಕಿಳಿದಿತ್ತು. ಅದನ್ನು ಬುಡದ ಹತ್ತಿರ ಕತ್ತರಿಸಿದಾಗ ಬಿಳಿ ಹಾಲು ಜಿನುಗಿತು, ಒರೆಸಿ ಒಂದಿಷ್ಟು ಹೊತ್ತು ಬಿಟ್ಟೆ. ದಪ್ಪ ಬೇರುಗಳು ಮರವನ್ನು ಹಿಡಿದು ನಿಲ್ಲಿಸುತ್ತವೆ, ನೀರು ಹೀರುವ ಕೆಲಸ ತುದಿಯ ನವಿರು ಬೇರುಗಳದ್ದು. ಆದ್ದರಿಂದ ಅಡಿಯ ದಪ್ಪ ಬೇರು ಹೋದರೆ ನನಗೆ ಚಿಂತೆಯಿಲ್ಲ, ನವಿರು ಬೇರು ಹೋದರೆ ಇದೆ. ಒಟ್ಟಾರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಲಿಲ್ಲ.

ಮಣ್ಣಿನ ಬಗ್ಗೆ ಬೋನ್ಸಾಯ್ ಬೆಳೆಸುವವರ ವಾದ ಮುಗಿಯುವುದೇ ಇಲ್ಲ. ನಾನು ಅಕಡಾಮಾ ಎಂಬ ಜಪಾನಿನ ಜೇಡಿಮಣ್ಣು, ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು ಮತ್ತು ಲಾವಾ ಕಲ್ಲಿನ ಹರಳುಗಳನ್ನು ಬೆರೆಸುತ್ತೇನೆ, ಆದರೆ ಯಾವ ವಸ್ತು ಎಂಬುದಕ್ಕಿಂತ ಹರಳಿನ ಗಾತ್ರ ಒಂದೇ ಸಮನಾಗಿರುವುದು ಮುಖ್ಯವೆಂಬುದು ನನ್ನ ಅನುಭವ. ಎರಡರಿಂದ ಆರು ಮಿಲಿಮೀಟರ್‌ವರೆಗಿನ ಹರಳುಗಳನ್ನು ಮಾತ್ರ ಇಟ್ಟುಕೊಂಡು, ದೂಳನ್ನೆಲ್ಲ ಜರಡಿ ಹಿಡಿದು ಚೆಲ್ಲುತ್ತೇನೆ. ದೂಳು ಸಂದುಗಳಲ್ಲಿ ಕೂತರೆ ಬೇರಿಗೆ ಗಾಳಿ ಸಿಗುವುದಿಲ್ಲ. ನೀರು ಬಸಿಯಲೆಂದು ತಳದಲ್ಲಿ ಜಲ್ಲಿಯ ಪದರ ಹಾಕುವ ರೂಢಿಯನ್ನು ನಾನು ಬಿಟ್ಟಿದ್ದೇನೆ. ಮಣ್ಣಿನ ತಳಭಾಗದಲ್ಲಿ ಸ್ವಲ್ಪ ನೀರು ನಿಂತೇ ನಿಲ್ಲುತ್ತದೆ, ಜಲ್ಲಿ ಹಾಕಿದರೆ ಆ ಒದ್ದೆ ಪದರ ಅಷ್ಟು ಮೇಲಕ್ಕೇರಿ ಬೇರಿಗೆ ಹತ್ತಿರವಾಗುತ್ತದೆ, ಅಷ್ಟೇ.

ತೂತುಗಳಿಗೆ ಜಾಲರಿ ಕಟ್ಟಿ, ಮರವನ್ನು ಕೂರಿಸಿ, ತಳದಿಂದ ಬಂದ ತಂತಿಯನ್ನು ಬೇರುಮುದ್ದೆಯ ಮೇಲೆ ಬಿಗಿದು ತಿರುಚಿದೆ. ಕಾಂಡ ಹಿಡಿದು ಅಲುಗಿಸಿದರೆ ಕುಂಡವೂ ಜೊತೆಗೆ ಅಲುಗುವಷ್ಟು ಬಿಗಿ ಇರಬೇಕು, ಗಾಳಿಗೆ ಓಲಾಡುವ ಮರದ ಹೊಸ ಬೇರು ಹುಟ್ಟುಹುಟ್ಟುತ್ತಲೇ ಹರಿಯುತ್ತದೆ. ಬಳಿಕ ಮಣ್ಣು ಸುರಿದು, ಬಿದಿರ ಕಡ್ಡಿಯನ್ನು ಬೇರುಗಳ ನಡುವೆ ಆಡಿಸುತ್ತ, ಟೊಳ್ಳು ಉಳಿಯದಂತೆ ತುಂಬಿಸಿದೆ. ಕೊನೆಗೆ ತಳದಿಂದ ತಿಳಿನೀರು ಬರುವವರೆಗೂ ನೀರು ಹನಿಸಿದೆ. ಮೊದಮೊದಲು ಬಂದದ್ದು ಚಹಾದ ಬಣ್ಣದ್ದು.

ಆಮೇಲಿನ ಆರೈಕೆಯಲ್ಲಿ ಹೆಚ್ಚಿನದು ಕೈಕಟ್ಟಿ ಕೂರುವುದೇ. ಎರಡು ಮೂರು ವಾರ ಗಾಳಿ ಮತ್ತು ಸುಡುಬಿಸಿಲಿನಿಂದ ದೂರವಿಟ್ಟೆ, ಹೊಸ ಚಿಗುರು ಗಟ್ಟಿಯಾಗುವವರೆಗೆ ಸುಮಾರು ಆರು ವಾರ ಗೊಬ್ಬರ ಕೊಡಲಿಲ್ಲ, ಆಕಾರ ಕೊಡಲು ರೆಂಬೆಗಳಿಗೆ ತಂತಿ ಸುತ್ತುವ ಕೆಲಸವನ್ನು ಮುಂದಿನ ವರ್ಷಕ್ಕೆ ಹಾಕಿದೆ. ಬೇರು ಕಡಿಮೆಯಾದ ಮರ ಕಡಿಮೆ ನೀರು ಕುಡಿಯುತ್ತದೆ, ಹಾಗಾಗಿ ನೀರನ್ನು ಹಳೆಯ ಅಭ್ಯಾಸದಂತೆ ಹಾಕದೆ ಮಣ್ಣು ಮುಟ್ಟಿ ನೋಡಿಯೇ ಹಾಕಿದೆ.

ಈಗಿರುವ ಜುನಿಪರ್‌ನ ಬೇರನ್ನು ನಾನು ಪೂರ್ತಿ ತೊಳೆಯುವುದಿಲ್ಲ. ಒಂದು ಸಲಕ್ಕೆ ಒಂದು ಪಕ್ಕದ ಹಳೆಯ ಮಣ್ಣನ್ನು ಮಾತ್ರ ಬಿಡಿಸಿ ಬದಲಿಸುತ್ತೇನೆ. ಇನ್ನೊಂದು ಪಕ್ಕ ಹಾಗೆಯೇ ಉಳಿದು ಅಷ್ಟು ಕಾಲ ಮರವನ್ನು ಸಾಕುತ್ತದೆ. ಯಾವ ಪಕ್ಕ ಆಗಿದೆ ಎಂಬುದು ಮರೆತುಹೋಗದಂತೆ ಕುಂಡದ ಅಡಿಯಲ್ಲಿ ಪೆನ್ಸಿಲ್ಲಿನಿಂದ ಒಂದು ಬಾಣ ಮತ್ತು ವರ್ಷ ಬರೆದಿಟ್ಟಿದ್ದೇನೆ. ಬಾಣ ಈಗ ಎಡಕ್ಕಿದೆ, ಬಲಭಾಗದ ಸರದಿ ಇನ್ನೂ ಬಂದಿಲ್ಲ.