ಕಣ್ಣು ಕಾಣದ ಎಸ್‌ಡಿಎ ಕೈಗೆ ಕಡತ ಕೊಟ್ಟ ನನ್ನ ಅನುಭವ

ಕಣ್ಣು ಕಾಣದವರಿಗೆ ಕಡತ ಕೊಟ್ಟರೆ ಶಾಖೆಯೇ ನಿಂತುಹೋಗುತ್ತದೆ ಅಂದವರು ನಮ್ಮ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಕಡಿಮೆ ಇರಲಿಲ್ಲ. ಈಗ ತುಮಕೂರು ಜಿಲ್ಲೆಯ ಕಾಲೇಜುಗಳ ಪತ್ರಗಳಿಗೆ ಎಲ್ಲರಿಗಿಂತ ಬೇಗ ಟಿಪ್ಪಣಿ ಬರುವುದು ಅದೇ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ) ಮೇಡಂ ಟೇಬಲ್‌ನಿಂದ. ಶಾಖೆಯ ಅಧೀಕ್ಷಕನಾಗಿ ಹೆಮ್ಮೆಯಿಂದಲೇ ಹೇಳುತ್ತೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸರ್ಕಾರಿ ಕೆಲಸದಲ್ಲಿ ಅವರಿಗೆ ಶೇ 4 ಮೀಸಲಾತಿ ನಿಮಗೆಲ್ಲ ಗೊತ್ತು. ಕೆಲಸಕ್ಕೆ ಸೇರಿಸಿಕೊಳ್ಳುತ್ತೇವೆ, ಆಮೇಲೆ ಫೋನ್ ಪಕ್ಕ ಸುಮ್ನೆ ಕೂರಿಸುತ್ತೇವೆ ಅಲ್ವಾ? ನಮ್ಮ ಶಾಖೆಗೆ ಬರುವ ಮೊದಲು ಈ ಮೇಡಂ ಪಾಡೂ ಅದೇ.

ಕಂಪ್ಯೂಟರ್ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಪುಕ್ಕಟೆ ಸಾಫ್ಟ್‌ವೇರ್ ಎನ್‌ವಿಡಿಎ ಹಾಕಿದೆವು. ಇಂಗ್ಲಿಷ್ ಪತ್ರ ಸಲೀಸಾಗಿ ಓದಿತು. ಕನ್ನಡ ಸುತ್ತೋಲೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. 'ಪುಕ್ಕಟೆ ಸಾಫ್ಟ್‌ವೇರ್ ಇಷ್ಟೇ ಸಾರ್, ದುಡ್ಡು ಕೊಟ್ಟೇ ತರಬೇಕು' ಅಂದರು ಕೆಲವರು. ದರ ಕೇಳಿಸಿದರೆ ಲಕ್ಷದ ಹತ್ತಿರ. ತಂದಿದ್ದರೂ ಅದೇ ಗತಿ. ತೊಂದರೆ ಇದ್ದದ್ದು ನಮ್ಮ ಹಳೆಯ 'ನುಡಿ' (ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್) ಫೈಲ್‌ಗಳಲ್ಲಿ. ಆ ಫಾಂಟ್‌ನಲ್ಲಿ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳೇ. ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಾಯಿಸಿದ ಕೂಡಲೇ ಅದೇ ಎನ್‌ವಿಡಿಎ ಕನ್ನಡ ಓದಿತು. ಬದಲಾಯಿಸುವಾಗ ಕೆಲವು ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ಅವನ್ನು ಒಟ್ಟಿಗೇ ಸರಿಮಾಡಲು ನನ್ನದೇ ಒಂದು ಉಪಾಯ ಇದೆ. ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಸ್ಕ್ಯಾನ್ ಮಾಡಿದ ಪಿಡಿಎಫ್ ಇನ್ನೂ ಕಷ್ಟ. ಅದು ಬರೀ ಚಿತ್ರ, ಎನ್‌ವಿಡಿಎಗೆ ಓದಲು ಏನೂ ಇಲ್ಲ. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದೆವು. ಅಚ್ಚಾದ ಅಕ್ಷರ ಬಂತು. ಕೈಬರಹ, ಸೀಲು ಬಿದ್ದ ಜಾಗ ಕೆಟ್ಟವು. ಗೌಪ್ಯ ಕಡತಗಳನ್ನಂತೂ ಹಾಗೆ ಹಾಕುವಂತಿಲ್ಲ. ಕೊನೆಗೆ ಕಾಲೇಜುಗಳಿಗೆ ಹೇಳಿದೆವು: ಸಹಿ ಮಾಡಿದ ಪ್ರತಿಯ ಜೊತೆ ಯೂನಿಕೋಡ್ ವರ್ಡ್ ಫೈಲ್ ಕೂಡ ಮೇಲ್ ಮಾಡಿ. ಕೆಲಸ ಆದದ್ದು ಇದರಿಂದಲೇ. ಕೈಬರಹದ ಅರ್ಜಿಗಳನ್ನು ಮಾತ್ರ ಬೆಳಗ್ಗೆ ಅಟೆಂಡರ್ ಓದಿ ಹೇಳುತ್ತಾರೆ.

ನಡುವೆ ಮಾತಾಡಿ ಟೈಪ್ ಮಾಡಿಸುವ ಪ್ರಯೋಗವನ್ನೂ ಮಾಡಿದೆವು. ಫ್ಯಾನ್ ಸದ್ದು, ಪಕ್ಕದ ಟೇಬಲ್ ಮಾತು ಎಲ್ಲ ಟಿಪ್ಪಣಿಯೊಳಗೆ ಬಂತು. ಬಿಟ್ಟೆವು. ಅವರ ಕೈಬೆರಳೇ ಜಾಸ್ತಿ ವೇಗ.

ಖರ್ಚು? ಹೆಡ್‌ಫೋನ್, ಕಂಪ್ಯೂಟರ್‌ಗೆ ಸ್ವಲ್ಪ ರ‍್ಯಾಮ್, ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು, ಸಾದಿಲ್ವಾರಿನಲ್ಲಿ (ಕಚೇರಿಯ ಚಿಲ್ಲರೆ ಖರ್ಚಿನ ಹಣದಲ್ಲಿ). 'ಹೆಡ್‌ಫೋನ್ ಯಾಕೆ' ಅಂತ ಬಿಲ್ ವಾಪಸ್ ಬಂತು. ಕಾಯ್ದೆಯ 20ನೇ ಕಲಂ ಲಗತ್ತಿಸಿ ಮತ್ತೆ ಕಳಿಸಿದೆ. ಸರ್ಕಾರಿ ಸಂಸ್ಥೆ ಅಂಗವಿಕಲ ನೌಕರರಿಗೆ ಬೇಕಾದ ಅನುಕೂಲ ಮಾಡಿಕೊಡಲೇಬೇಕು ಅಂತ ಅಲ್ಲಿ ಸ್ಪಷ್ಟವಾಗಿದೆ. ಪಾಸಾಯಿತು.

ಈಗ ಪಿಂಚಣಿ ಕಡತಗಳೂ ಅವರ ಬಳಿ ಇವೆ. ಅವರೇ ಕೇಳಿ ತೆಗೆದುಕೊಂಡರು.