ಫ್ಲೈಟ್ ಮೋಡಿನಲ್ಲಿ ಕೊಡಚಾದ್ರಿ

ಕೊಡಚಾದ್ರಿಯ ಸರ್ವಜ್ಞ ಪೀಠದಿಂದ ಇಳಿದು ಹುಲ್ಲುಗಾವಲಿಗೆ ಬರುವ ಹೊತ್ತಿಗೆ ಮಂಜು ಮುಚ್ಚಿತು. ಹತ್ತು ಹೆಜ್ಜೆ ಮುಂದಿದ್ದ ಭಾವನ ಬೆನ್ನಚೀಲವೂ ಕಾಣುತ್ತಿರಲಿಲ್ಲ. ಕಾಲುದಾರಿ ಅಲ್ಲಿ ಎರಡಾಗಿತ್ತು. ನಾನು ಜಂಬದಿಂದಲೇ ಫೋನ್ ತೆಗೆದೆ. ಹಿಂದಿನ ರಾತ್ರಿ ಉಡುಪಿಯ ಮನೆಯಲ್ಲಿ ಕೂತು ಗೂಗಲ್ ಮ್ಯಾಪ್ಸ್‌ನಲ್ಲಿ ಆ ಭಾಗವನ್ನೆಲ್ಲ ಡೌನ್‌ಲೋಡ್ ಮಾಡಿಟ್ಟಿದ್ದೆನಲ್ಲ! ನಕ್ಷೆ ತೆರೆಯಿತು. ನಾವಿರುವ ಜಾಗ ತೋರಿಸುವ ಚುಕ್ಕೆಯೂ ಬಂತು. ಆದರೆ ಚುಕ್ಕೆಯ ಸುತ್ತ ಬರೀ ಹಸಿರು, ನಾವು ನಿಂತಿದ್ದ ದಾರಿಯ ಒಂದು ಗೆರೆಯೂ ಇಲ್ಲ.

"ಎಂತ ಹೇಳ್ತದೆ ಮಾರಾಯ ನಿನ್ನ ಮ್ಯಾಪು?" ಭಾವ ಕೇಳಿದರು.

"ನಾವು ಕಾಡಿನಲ್ಲಿದ್ದೇವಂತೆ ಭಾವ."

ಅರ್ಧ ಗಂಟೆ ಬಂಡೆಯ ಮೇಲೆ ಕೂತು ಚಕ್ಕುಲಿ ತಿಂದೆವು. ಮಂಜು ಸರಿಯಿತು, ಜೀಪಿನ ರಸ್ತೆ ಕಂಡಿತು, ಅದನ್ನೇ ಹಿಡಿದು ಇಳಿದೆವು.

ತಪ್ಪು ನನ್ನದೇ. ಆ ನಕ್ಷೆಯನ್ನು ಮನೆಯಲ್ಲಿ ಒಂದು ಸಲವೂ ನೆಟ್ ಇಲ್ಲದೆ ತೆರೆದು ನೋಡಿರಲಿಲ್ಲ. ಗೂಗಲ್ ಮ್ಯಾಪ್ಸ್ ನೆಟ್ ಇಲ್ಲದಾಗ ವಾಹನದ ದಾರಿಯನ್ನು ಮಾತ್ರ ತೋರಿಸುತ್ತದೆ, ನಡೆಯುವ ದಾರಿಯನ್ನಲ್ಲ. ಇದು ನನಗೆ ಗೊತ್ತಾದದ್ದು ಬೆಟ್ಟದಿಂದ ಬಂದ ಮೇಲೆ.

ಈಗ ನಾನು ಇಟ್ಟುಕೊಂಡಿರುವುದು ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಓಸ್ಮ್‌ಆ್ಯಂಡ್. ಎರಡೂ ನೆಟ್ ಇಲ್ಲದೆ ನಡೆಯುವ ನಕ್ಷೆಯ ಆ್ಯಪ್‌ಗಳು, ಎರಡರ ಬೇರೂ ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ ಈ ನಕ್ಷೆಯನ್ನು ನಮ್ಮಂಥವರೇ ಬರೆದು ತಿದ್ದುತ್ತಾರೆ. ಹಾಗಾಗಿ ಯಾರೋ ನಡೆದು ಗುರುತು ಹಾಕಿದ ಕಾಲುದಾರಿಗಳು ಅದರಲ್ಲಿ ಜಾಸ್ತಿ. ಮೊದಲನೆಯದು ಸರಳ, ಅಮ್ಮನೂ ಬಳಸಬಹುದು. ಎರಡನೆಯದರಲ್ಲಿ ಎಲ್ಲವೂ ಉಂಟು, ಆದರೆ ಒಂದು ಸೆಟ್ಟಿಂಗ್ ಹುಡುಕಲು ಅರ್ಧ ಸಂಜೆ ಬೇಕು. ಉಚಿತ ಆವೃತ್ತಿಯಲ್ಲಿ ಡೌನ್‌ಲೋಡ್‌ಗೆ ಮಿತಿಯೂ ಇದೆ. ಒಂದೇ ಸಾಕು ಅನ್ನುವವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ಎತ್ತರದ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು, ಆನ್ ಮಾಡಿಕೊಳ್ಳಲೇಬೇಕು. ಗೆರೆಗಳು ಒತ್ತೊತ್ತಾಗಿ ಇದ್ದರೆ ಅಲ್ಲಿ ಕಡಿದಾದ ಇಳಿಜಾರು. ದೂರ ದೂರ ಇದ್ದರೆ ಆರಾಮ. ಕೊಡಚಾದ್ರಿ 1,343 ಮೀಟರ್ ಎತ್ತರ, ಅದರ ಪಶ್ಚಿಮದ ಬದಿ ಕರಾವಳಿಯ ಕಡೆಗೆ ಧುಮುಕಿದ ಹಾಗೆ ಇದೆ. ಅಲ್ಲಿ ಗೆರೆಗಳು ಒಂದಕ್ಕೊಂದು ಅಂಟಿಕೊಂಡದ್ದು ನೋಡಿದಾಗ, ಮಂಜಿನಲ್ಲಿ ಸುಮ್ನೆ ಅಂದಾಜಿನ ಮೇಲೆ ನಡೆಯದೆ ಕೂತದ್ದು ಒಳ್ಳೆಯದಾಯಿತು ಅನಿಸಿತು.

ಎರಡನೇ ಸಲ ಹೊರಡುವ ಮೊದಲು ಮಣಿಪಾಲದ ಎಂಡ್ ಪಾಯಿಂಟ್‌ಗೆ ಹೋಗಿ ಪರೀಕ್ಷೆ ಮಾಡಿದೆ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಲೊಕೇಶನ್ ಮಾತ್ರ ಆನ್ ಇಟ್ಟೆ. ಜಿಪಿಎಸ್‌ಗೆ ನೆಟ್ ಬೇಡ, ಸಿಮ್ ಬೇಡ, ಉಪಗ್ರಹದ ಸಿಗ್ನಲ್ ಸಾಕು. ಸ್ವರ್ಣಾ ನದಿಯ ತಿರುವು ನಕ್ಷೆಯಲ್ಲೂ ಕಣ್ಣೆದುರೂ ಒಂದೇ ಥರ ಇತ್ತು. ಅರ್ಧ ಗಂಟೆ ನಡೆದು, ನಡೆದ ದಾರಿ ರೆಕಾರ್ಡ್ ಆಗಿದೆಯಾ ಅಂತ ನೋಡಿದರೆ, ನಡುವೆ ಒಂದು ಉದ್ದ ನೇರ ಗೆರೆ! ನಾನು ಮರದ ಮೇಲಿಂದ ಹಾರಿ ಹೋದ ಹಾಗೆ. ಸ್ಕ್ರೀನ್ ಆಫ್ ಆದ ಮೇಲೆ ಬ್ಯಾಟರಿ ಉಳಿಸುವ ನೆಪದಲ್ಲಿ ಫೋನ್ ಆ್ಯಪನ್ನೇ ಮಲಗಿಸಿತ್ತು. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ಇದ್ದ ನಿರ್ಬಂಧ ತೆಗೆದ ಮೇಲೆ ಸರಿಯಾಯಿತು. ಹಿಂದೆ ಬರಲು ನಂಬುವುದು ಇದೇ ಗೆರೆಯನ್ನು, ಆದ್ದರಿಂದ ಈ ಒಂದು ಕೆಲಸವನ್ನು ಮನೆಯಲ್ಲೇ ಮುಗಿಸಿ.

ನವರಾತ್ರಿ ಕಳೆದ ಮೇಲೆ ಮತ್ತೆ ಹೋದೆವು. ಕೊಲ್ಲೂರಿನಲ್ಲಿ ನೆಟ್‌ವರ್ಕ್ ಇರುವಾಗಲೇ ಆ್ಯಪ್ ತೆರೆದು ಚುಕ್ಕೆ ನಿಲ್ಲುವವರೆಗೆ ಕಾದೆ. ನೆಟ್ ಇದ್ದರೆ ಉಪಗ್ರಹಗಳ ವಿವರ ಫೋನಿಗೆ ಬೇಗ ಸಿಗುತ್ತದೆ. ಇಲ್ಲದಿದ್ದರೆ ಮೊದಲ ಸಲ ಜಾಗ ಹಿಡಿಯಲು ಕೆಲವು ನಿಮಿಷವೇ ಬೇಕಾಗಬಹುದು. ಆಮೇಲೆ ಫ್ಲೈಟ್ ಮೋಡ್. ಕಾಡಿನಲ್ಲಿ ಬ್ಯಾಟರಿ ಕುಡಿಯುವುದು ಬರೀ ನಕ್ಷೆಯಲ್ಲ, ಸಿಗ್ನಲ್‌ಗಾಗಿ ಫೋನ್ ನಡೆಸುವ ಹುಡುಕಾಟವೂ ಹೌದು.

ದಟ್ಟ ಮರಗಳ ಅಡಿಯಲ್ಲಿ ಚುಕ್ಕೆ ಅತ್ತಿತ್ತ ಹಾರುತ್ತದೆ. ಅದರ ಹಿಂದೆ ಓಡಬೇಡಿ, ಒಂದು ನಿಮಿಷ ನಿಂತು ನೋಡಿ. ದಿಕ್ಕಿನ ಬಾಣವೂ ನನಗೆ ಅಂದು ಉಲ್ಟಾ ತೋರಿಸಿತು. ಕಾರಣ ಫೋನಿನ ಕವರ್‌ನಲ್ಲಿದ್ದ ಸಣ್ಣ ಆಯಸ್ಕಾಂತ. ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ತಿರುಗಿಸಿದೆ. ನೋಡಿದವರು ಏನು ಅಂದುಕೊಂಡರೋ! ನಡುವೆ ಸಣ್ಣ ಮಳೆ ಬಂತು. ನೀರು ಬಿದ್ದ ಸ್ಕ್ರೀನ್ ಬೆರಳಿನ ಮಾತು ಕೇಳುವುದಿಲ್ಲ, ತಾನೇ ಜೂಮ್ ಆಗುತ್ತದೆ. ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿ ಮೇಲಿಂದಲೇ ಒತ್ತಿದೆ.

ನಕ್ಷೆಯಲ್ಲಿ ಒಂದು ಚುಕ್ಕಿಗೆರೆ ಬಲಕ್ಕೆ ಹೋಗುತ್ತಿತ್ತು. ಹತ್ತಿರದ ದಾರಿ ಅಂತ ನನಗೆ ಆಸೆ. ಚಹಾದಂಗಡಿಯ ಅಜ್ಜನಿಗೆ ತೋರಿಸಿದೆ. ಅವರು ಫೋನ್ ನೋಡಲೇ ಇಲ್ಲ, ನನ್ನ ಕೈ ಹೋದ ದಿಕ್ಕು ನೋಡಿದರು. "ಅದು ದನ ಹೋಗುವ ದಾರಿ. ತೋಡಿನ ಹತ್ತಿರ ಮುಗೀತದೆ." ಯಾರೋ ಪಾಪ ಅಷ್ಟು ದೂರ ನಡೆದು ಗುರುತು ಹಾಕಿ ವಾಪಸ್ ಬಂದಿರಬೇಕು. ದಾರಿ ನಕ್ಷೆಯಲ್ಲಿ ಇದ್ದ ಮಾತ್ರಕ್ಕೆ ಅಲ್ಲಿ ಹೋಗಲು ಅನುಮತಿ ಉಂಟು ಅಂತಲೂ ಅಲ್ಲ. ಅದನ್ನು ಅರಣ್ಯ ಇಲಾಖೆಯವರ ಹತ್ತಿರವೇ ಕೇಳಬೇಕು.

ಹೊರಡುವಾಗ ಅಕ್ಕನಿಗೆ ಒಂದು ವಿಷಯ ಹೇಳಿಕೊಟ್ಟಿದ್ದೆ. ಆ್ಯಪ್‌ನಲ್ಲಿ ಒತ್ತಿ ಹಿಡಿದರೆ ಜಾಗದ ಅಕ್ಷಾಂಶ, ರೇಖಾಂಶದ ಅಂಕಿ ಬರುತ್ತದೆ, 13.86, 74.87 ಥರ. ತೊಂದರೆಯಾದರೆ ಎಲ್ಲಾದರೂ ಸಿಗ್ನಲ್ ಸಿಕ್ಕಾಗ ಅದನ್ನೇ ಎಸ್ಸೆಮ್ಮೆಸ್ ಮಾಡುತ್ತೇನೆ, ನೀನು 112ಕ್ಕೆ ಫೋನ್ ಮಾಡಿ ಹೇಳು ಅಂತ. ಚುಕ್ಕಿಯ ನಂತರ ಐದು ಅಂಕಿ ಬೇಕು. ಎರಡೇ ಅಂಕಿ ಕೊಟ್ಟರೆ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಅಗಲದ ಕಾಡಿನಲ್ಲಿ ನಮ್ಮನ್ನು ಹುಡುಕಬೇಕಾಗುತ್ತದೆ.

ಮನೆಗೆ ಬಂದು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದೆ. ಅಜ್ಜ ಹೇಳಿದ ದನದ ದಾರಿಯ ಮೇಲೆ, ಇದು ತೋಡಿನ ಹತ್ತಿರ ಮುಗಿಯುತ್ತದೆ ಅಂತ ಕನ್ನಡದಲ್ಲೇ ಒಂದು ಟಿಪ್ಪಣಿ ಹಾಕಿದೆ. ಭಾವನಿಗೆ ತೋರಿಸಿದರೆ ಅವರ ಪ್ರಶ್ನೆ ಒಂದೇ: "ಚಹಾದಂಗಡಿ ಹಾಕಿದ್ದೀಯಾ?"