ಟ್ರೇಲರ್ ಕಟ್ಟುವ ಮುಂಚೆ ಪಿಕಪ್‌ನ ಬಾಗಿಲು ತೆಗೆದು ನೋಡಿ

ದೊಡ್ಡ ಪಿಕಪ್ ಕೊಂಡವರು ಹೆಮ್ಮೆಯಿಂದ ಹೇಳುವ ಮೊದಲ ಮಾತು, ‘ಇದು ಇಷ್ಟು ಟನ್ ಎಳೆಯುತ್ತೆ’ ಅಂತ. ಎಳೆಯುತ್ತೆ, ಸುಳ್ಳಲ್ಲ. ಫೋರ್ಡ್ ಎಫ್-250, ರ್‍ಯಾಮ್ 2500, ಷೆವರ್ಲೆ ಸಿಲ್ವರಾಡೊ 2500 ಎಚ್‌ಡಿ ಥರದ ಗಾಡಿಗಳನ್ನು ಮಾಡಿರುವುದೇ ಅದಕ್ಕೆ. ಆದರೆ ಲೆಕ್ಕ ತಪ್ಪುವುದು ಹೊರುವ ವಿಷಯದಲ್ಲಿ. ಟ್ರೇಲರ್ ಹಿಂದೆ ಉರುಳಿಕೊಂಡು ಬರುತ್ತದೆ, ನಿಜ. ಆದರೆ ಅದರ ತೂಕದ ಒಂದು ಪಾಲು ಪಿಕಪ್‌ನ ಬೆನ್ನ ಮೇಲೇ ಕೂರುತ್ತದೆ.

ಹಾಗಾಗಿ ಮೊದಲ ಕೆಲಸ, ಚಾಲಕನ ಬಾಗಿಲು ತೆಗೆಯುವುದು. ಬಾಗಿಲಿನ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಕೂತವರು ಮತ್ತು ಸಾಮಾನು ಸೇರಿ ಎಷ್ಟು ಭಾರ ಮೀರಬಾರದು ಅನ್ನುವುದು ಅದರಲ್ಲಿರುತ್ತದೆ. ಇದೇ ಪೇಲೋಡ್. ಜಾಹೀರಾತಿನ ಅಂಕಿ ನಂಬಬೇಡಿ, ಈ ಸ್ಟಿಕ್ಕರ್ ನಂಬಿ. ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲೂ ಈ ಅಂಕಿ ಬೇರೆ ಬೇರೆ ಇರಬಹುದು. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ಭಾರ. ಫೋರ್ ವೀಲ್ ಡ್ರೈವ್, ಸನ್‌ರೂಫ್, ದೊಡ್ಡ ಕ್ಯಾಬಿನ್ ಎಲ್ಲಕ್ಕೂ ತೂಕ ಇದೆ. ಅಷ್ಟೂ ನಿಮ್ಮ ಪೇಲೋಡ್‌ನಿಂದಲೇ ಕಳೆಯುತ್ತದೆ. ಸ್ಟಿಕ್ಕರ್ ಕಾಣದಿದ್ದರೆ ಖಾಲಿ ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ. ಗಾಡಿಗೆ ಅನುಮತಿ ಇರುವ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯೂಆರ್‌ನಿಂದ ಅದನ್ನು ಕಳೆದರೆ ಉತ್ತರ ಸಿಗುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ಸ್ಟಿಕ್ಕರ್‌ನಲ್ಲಿ 1,100 ಕೆ.ಜಿ. ಇದೆ ಅಂದುಕೊಳ್ಳಿ. ಸಾಮಾನು ತುಂಬಿದ ಟ್ರೇಲರ್ 4,500 ಕೆ.ಜಿ. ಬಾಲ್ ಹಿಚ್‌ಗೆ, ಅಂದರೆ ಪಿಕಪ್‌ನ ಹಿಂದಿನ ಗುಂಡಿರುವ ಕೊಂಡಿಗೆ, ಕಟ್ಟುವ ಟ್ರೇಲರ್‌ನ ಮೂಕಿಯ ಮೇಲೆ ಒಟ್ಟು ತೂಕದ ಶೇ 10ರಿಂದ 15ರಷ್ಟು ಭಾರ ಬೀಳಬೇಕು. ಶೇ 12 ಹಿಡಿದರೆ 540 ಕೆ.ಜಿ. ಕ್ಯಾಬಿನ್‌ನಲ್ಲಿ ನಾಲ್ವರು, 300 ಕೆ.ಜಿ. ಹಿಚ್ 30, ಟೂಲ್ ಬಾಕ್ಸ್ 120. ಕೂಡಿದರೆ 990. ಇನ್ನು 50 ಕೆ.ಜಿ.ಯ ಎರಡು ಗೊಬ್ಬರದ ಚೀಲ ಹಿಂದೆ ಹಾಕಿದರೆ ಮುಗಿಯಿತು. ಎಳೆಯುವ ಶಕ್ತಿ ಬೇಕಾದಷ್ಟು ಉಳಿದಿದೆ, ಹೊರುವ ಶಕ್ತಿ ತೀರಿಹೋಗಿದೆ. ಹಿಚ್‌ಗೂ ಅದರದೇ ಮಿತಿ ಇರುತ್ತದೆ, ಅದರ ಮೇಲೆಯೇ ಬರೆದಿರುತ್ತಾರೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಇದಕ್ಕಿಂತ ಭಾರದ ಟ್ರೇಲರ್ ಪದೇ ಪದೇ ಎಳೆಯುವುದಾದರೆ ಬಂಪರ್ ಕೆಳಗಿನ ಹಿಚ್ ಬಿಟ್ಟು ಗೂಸ್‌ನೆಕ್ ನೋಡಿ. ಅದರ ಬಾಲ್ ಪಿಕಪ್‌ನ ತೊಟ್ಟಿಯೊಳಗೆ, ಹಿಂದಿನ ಆಕ್ಸಲ್‌ನ ಮೇಲೆಯೇ ಇರುತ್ತದೆ. ಭಾರ ಆಕ್ಸಲ್‌ನ ಹಿಂದೆ ನೇತಾಡದೆ ಅದರ ಮೇಲೆಯೇ ಬೀಳುವುದರಿಂದ ಗಾಡಿ ಸ್ಥಿರವಾಗಿ ಓಡುತ್ತದೆ. ದನ ಸಾಗಿಸುವವರು, ಟ್ರ್ಯಾಕ್ಟರ್ ಸಾಗಿಸುವವರು ಇದನ್ನೇ ಇಷ್ಟಪಡುವುದು ಸುಮ್ನೆ ಅಲ್ಲ. ಆದರೆ ಇದರಲ್ಲಿ ಟ್ರೇಲರ್ ತೂಕದ ಸುಮಾರು ಐದನೇ ಒಂದು ಪಾಲು ಪಿಕಪ್ ಮೇಲೆ ಬರುತ್ತದೆ. ಮೇಲಿನ ಲೆಕ್ಕವನ್ನು ಮತ್ತೆ ಮಾಡಬೇಕು.

ಭಾರ ತುಂಬುವ ವಿಷಯ ಎತ್ತಿನ ಗಾಡಿ ಹೊಡೆದವರಿಗೆ ಹೇಳಿಕೊಡಬೇಕಿಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಮುಂಭಾರ ಹೆಚ್ಚಾದರೆ ಎತ್ತಿನ ಕತ್ತು ಕುಸಿಯುತ್ತದೆ. ಟ್ರೇಲರ್‌ನಲ್ಲೂ ಅಷ್ಟೇ. ಸುಮಾರು ಶೇ 60ರಷ್ಟು ಭಾರ ಟ್ರೇಲರ್ ಆಕ್ಸಲ್‌ನ ಮುಂದೆ ಇರಲಿ. ಹಿಂಭಾರವಾದ ಟ್ರೇಲರ್ ವೇಗ ಹೆಚ್ಚಿದಂತೆ ಆ ಕಡೆ ಈ ಕಡೆ ಓಲಾಡಲು ಶುರು ಮಾಡುತ್ತದೆ. ಅದು ಪಿಕಪ್‌ನ ಹಿಂಭಾಗವನ್ನೇ ಎಳೆದಾಡುತ್ತದೆ. ನೀರಿನ ಟ್ಯಾಂಕ್ ಬಗ್ಗೆ ಇನ್ನೂ ಎಚ್ಚರ ಬೇಕು. 1,000 ಲೀಟರ್ ಅಂದರೆ ಪೂರಾ ಒಂದು ಟನ್. ಅರ್ಧ ತುಂಬಿದ ಟ್ಯಾಂಕ್ ತಿರುವಿನಲ್ಲಿ ತುಳುಕುವಾಗ ಅದರ ಭಾರ ಎಲ್ಲಿದೆ ಅಂತ ನಿಮಗೂ ಗೊತ್ತಿರುವುದಿಲ್ಲ. ಒಂದೋ ತುಂಬಿಸಿ, ಇಲ್ಲವೇ ಖಾಲಿ ಒಯ್ಯಿರಿ.

ಕಟ್ಟುವಾಗ ಬಾಲ್‌ನ ಅಳತೆ ನೋಡಿ. ಎರಡಿಂಚಿನ ಬಾಲ್ ಮೇಲೆ 2 5/16 ಇಂಚಿನ ಕಪ್ಲರ್ (ಬಾಲ್ ಹಿಡಿಯುವ, ಟ್ರೇಲರ್ ಮೂಕಿಯ ತುದಿಯ ಬಟ್ಟಲು) ಸಲೀಸಾಗಿ ಕೂರುತ್ತದೆ, ಲಾಕ್ ಆದಂತೆಯೂ ಕಾಣುತ್ತದೆ. ದೊಡ್ಡ ಉಬ್ಬು ಸಿಕ್ಕಿದಾಗ ಕಳಚಿಕೊಳ್ಳುತ್ತದೆ. ಲಾಕ್ ಮಾಡಿದ ಮೇಲೆ ಟ್ರೇಲರ್‌ನ ಜ್ಯಾಕ್ ತಿರುಗಿಸಿ ಮೂಕಿಯನ್ನು ಸ್ವಲ್ಪ ಎತ್ತಿ. ಪಿಕಪ್‌ನ ಹಿಂಭಾಗವೂ ಜೊತೆಗೆ ಎದ್ದರೆ ಹಿಡಿತ ಸರಿಯಾಗಿದೆ. ಸುರಕ್ಷಾ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಹಾಕಿ. ಅಕಸ್ಮಾತ್ ಕಪ್ಲರ್ ಕಳಚಿದರೆ ಮೂಕಿ ರಸ್ತೆಗೆ ತಾಗದೆ ಆ ಜೋಲಿಯಲ್ಲಿ ಕೂರುತ್ತದೆ. ಲೈಟಿನ ವೈರ್, ಟ್ರೇಲರ್ ಕಳಚಿದರೆ ಅದರ ಬ್ರೇಕ್ ತಾನೇ ಹಾಕುವ ಬ್ರೇಕ್‌ಅವೇ ಕೇಬಲ್ ಸಿಕ್ಕಿಸಿ, ಇಂಡಿಕೇಟರ್ ಹಾಕಿ ಹಿಂದೆ ಹೋಗಿ ನೋಡಿ.

ಬ್ರೇಕ್ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಬ್ರೇಕ್ ಇಲ್ಲದ ಭಾರಿ ಟ್ರೇಲರ್ ಎಳೆಯಲೇಬಾರದು. ಪಿಕಪ್ ಎಷ್ಟೇ ಬಲಶಾಲಿಯಾಗಿದ್ದರೂ ಅಷ್ಟು ಭಾರವನ್ನು ತನ್ನ ನಾಲ್ಕು ಚಕ್ರಗಳಿಂದಲೇ ನಿಲ್ಲಿಸುವುದು ಕಷ್ಟ. ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಕ್ಯಾಬಿನ್‌ನಲ್ಲಿರುವ ಕಂಟ್ರೋಲರ್ ಸೆಟ್ ಮಾಡಿ. ಖಾಲಿ ಜಾಗದಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡಿಸುತ್ತಾ ಕಂಟ್ರೋಲರ್‌ನ ಲಿವರ್ ಮಾತ್ರ ಒತ್ತಿ. ಟ್ರೇಲರ್ ಚಕ್ರ ಲಾಕ್ ಆಗಿ ಉಜ್ಜಿದರೆ ಗೇನ್, ಅಂದರೆ ಟ್ರೇಲರ್ ಬ್ರೇಕ್‌ಗೆ ಕೊಡುವ ಬಲ, ಇಳಿಸಿ. ಏನೂ ಗೊತ್ತಾಗದಿದ್ದರೆ ಏರಿಸಿ. ಲೋಡ್ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಅದೇ ಲಿವರ್ ಓಲಾಟ ಶುರುವಾದಾಗಲೂ ಕಾಪಾಡುತ್ತದೆ. ಗಾಬರಿಯಲ್ಲಿ ಕಾಲು ಬ್ರೇಕ್ ಮೇಲೆ ಹೋಗುತ್ತದೆ, ಅಲ್ವಾ? ಹೋಗಬಾರದು. ಆಕ್ಸಿಲರೇಟರ್‌ನಿಂದ ನಿಧಾನವಾಗಿ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿಯಿರಿ. ಲಿವರ್ ಒತ್ತಿ ಟ್ರೇಲರ್‌ಗೆ ಮಾತ್ರ ಬ್ರೇಕ್ ಹಾಕಿ. ಹಿಂದಿನಿಂದ ಜಗ್ಗಿದ ಹಾಗಾಗಿ ಟ್ರೇಲರ್ ಮತ್ತೆ ಸಾಲಿಗೆ ಬರುತ್ತದೆ. ಇಳಿಜಾರಿನಲ್ಲಿ, ಭಾರ ಎಳೆಯುವಾಗಿನ ಗೇರ್ ವ್ಯವಸ್ಥೆಯಾದ ಟೋ/ಹಾಲ್ ಮೋಡ್ ಹಾಕಿ, ಇಳಿಯುವ ಮುಂಚೆಯೇ ಕೆಳಗಿನ ಗೇರ್‌ಗೆ ಬನ್ನಿ. ಡೀಸೆಲ್ ಗಾಡಿಯಲ್ಲಿ, ಹೊಗೆ ತಡೆದು ಎಂಜಿನ್‌ನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ಅದನ್ನೂ ಬಳಸಿ. ಅನೇಕ ಟ್ರೇಲರ್ ಟೈರ್‌ಗಳ ವೇಗಮಿತಿ ಗಂಟೆಗೆ 105 ಕಿ.ಮೀ. ಮಾತ್ರ. ನಾನಂತೂ ಅದಕ್ಕಿಂತ ಸಾಕಷ್ಟು ಕೆಳಗೇ ಇರುತ್ತೇನೆ.

ಹೊಲದ ಕೆಲಸದಲ್ಲಿ ನೆನಪಿಡಬೇಕಾದ್ದು ಕಡಿಮೆ. ಕೆಸರಿಗೆ ಇಳಿಯುವ ಮುಂಚೆಯೇ ಫೋರ್ ವೀಲ್ ಹಾಕಿ, ಹೂತುಕೊಂಡ ಮೇಲಲ್ಲ. ಒಣ ಡಾಂಬರಿಗೆ ಬಂದ ಕೂಡಲೇ ತೆಗೆಯಿರಿ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಬೇಕು. ಬೇಕಾದಾಗ ಮಾತ್ರ ಹಾಕುವ ಈ ಪಾರ್ಟ್ ಟೈಮ್ ಫೋರ್ ವೀಲ್ ಅದಕ್ಕೆ ಬಿಡುವುದಿಲ್ಲ, ಗೇರುಗಳ ಮೇಲೆ ಒತ್ತಡ ಬೀಳುತ್ತದೆ.

ದಿನನಿತ್ಯದ ಓಡಾಟಕ್ಕೆ ಬಂದರೆ, ಭಾರ ಹೊರಲು ಮಾಡಿದ ಗಟ್ಟಿ ಸ್ಪ್ರಿಂಗ್‌ಗಳು ಖಾಲಿ ಇದ್ದಾಗ ಕುಣಿಸುತ್ತವೆ. ಭಾರ ಹಾಕಿದಾಗ ತುಂಬಿದ ಗಾಳಿ ಟೈರಿನಲ್ಲಿ ಹಾಗೇ ಉಳಿದಿದ್ದರೆ ಇನ್ನೂ ಜಾಸ್ತಿ. ಕೈಪಿಡಿಯಲ್ಲಿ ಖಾಲಿ ಗಾಡಿಗೆ ಬೇರೆ ಒತ್ತಡ ಕೊಟ್ಟಿದ್ದರೆ ಅಷ್ಟಕ್ಕೆ ಇಳಿಸಿ. ಡೀಸೆಲ್ ಪಿಕಪ್ ಅನ್ನು ದಿನವೂ ಐದು ನಿಮಿಷದ ದಾರಿಗೆ ಮಾತ್ರ ಬಳಸುವುದು ಅದಕ್ಕೆ ಒಳ್ಳೆಯದಲ್ಲ. ಹೊಗೆಕೊಳವೆಯ ಡಿಪಿಎಫ್ ಫಿಲ್ಟರ್‌ನಲ್ಲಿ ಕೂರುವ ಮಸಿ ಸುಟ್ಟುಹೋಗಬೇಕಾದರೆ ಅದು ಚೆನ್ನಾಗಿ ಕಾಯಬೇಕು. ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ. ಮತ್ತೆ, ಟ್ರೇಲರ್ ಬಿಚ್ಚಿಟ್ಟ ದಿನ ಹಿಚ್ ಬಾಲ್ ಕೂಡ ಬಿಚ್ಚಿಡಿ. ಪಾರ್ಕಿಂಗ್‌ನಲ್ಲಿ ಗಾಡಿಯ ಹಿಂದೆ ನಡೆದು ಹೋಗುವವರ ಮೊಣಕಾಲಿಗೆ ಬಡಿಯುವುದು ಅದೇ.